ಕೇಳದೆ ನಕ್ಕವರ ಪಟ್ಟಿ

ಹಾಜರಿ ಕೂಗುತ್ತಿದ್ದೆ. ಒಬ್ಬ ಹುಡುಗಿಯ ಹೆಸರಿಗೆ ಉತ್ತರ ಬರಲಿಲ್ಲ. ಇನ್ನೊಂದು ಸಲ ಕೂಗಿದೆ. ಹಿಂದಿನ ಬೆಂಚಿನಿಂದ ಯಾರೋ ಗಂಟಲು ಸಣ್ಣ ಮಾಡಿಕೊಂಡು "ಬರಾಕಿಲ್ಲ ಸಾರ್" ಅಂದರು. ತರಗತಿಗೆ ತರಗತಿಯೇ ನಕ್ಕಿತು. ಮುಂದಿನ ಬೆಂಚಿನ ಹೆಣ್ಣುಮಕ್ಕಳು ಬಾಯಿಗೆ ದುಪಟ್ಟಾ ಒತ್ತಿಕೊಂಡು ನಕ್ಕರು.

ನಾನು ಹೆಂಗಸು. ನನ್ನನ್ನು ಯಾರೂ ಸಾರ್ ಅನ್ನುವುದಿಲ್ಲ. ಅಂದರೆ ಆ ಮಾತು ನನಗೆ ಹೇಳಿದ್ದಲ್ಲ, ಎಲ್ಲಿಂದಲೋ ಬಂದದ್ದು, ಎಲ್ಲರಿಗೂ ಬಾಯಿಪಾಠವಾದದ್ದು. "ಯಾರ ಮಾತು ಇದು?" ಎಂದು ಕೇಳಿದೆ. ಎಲ್ಲರೂ ಪುಸ್ತಕ ತೆರೆದು ತಲೆ ತಗ್ಗಿಸಿದರು.

ಹೊಸೂರು ಕಡೆಯ ಬಾಗಲೂರಿನ ಆಚೆ, ಕರ್ನಾಟಕದ ಗಡಿಗೆ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ ನಾನು ಗಣಿತ ಕಲಿಸುತ್ತೇನೆ. ಒಂದೇ ಕಟ್ಟಡದಲ್ಲಿ ತಮಿಳು ಮಾಧ್ಯಮ, ಕನ್ನಡ ಮಾಧ್ಯಮ ಎರಡೂ ನಡೆಯುತ್ತವೆ. ಆ ವರ್ಷ ಕನ್ನಡ ಮಾಧ್ಯಮದ ಒಂಬತ್ತನೇ ತರಗತಿಗೆ ನಾನೇ ಕ್ಲಾಸ್ ಟೀಚರ್. ಅವತ್ತು ಬಾರದ ಹುಡುಗಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರು ಈಗಾಗಲೇ ಬೇಕಾದವರ, ಬೇಡವಾದವರ ಫೋನುಗಳಲ್ಲೆಲ್ಲ ಓಡಾಡಿ ಬಂದಿದೆ. ಅವಳು ಅಂಚೆಟ್ಟಿಯ ಆಚೆ ನಾಟ್ರಾಂಪಾಳ್ಯದ ಕಡೆಯವಳು. ಓದಿಗೆಂದು ಅವಲಪಲ್ಲಿಯ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಬಸ್ಸಿನಲ್ಲಿ ನಮ್ಮ ಶಾಲೆಗೆ ಬರುತ್ತಿದ್ದಳು. ಗಣಿತದಲ್ಲಿ ಚುರುಕು. ಮಾತು ಕಡಿಮೆ.

ಮಧ್ಯಾಹ್ನ ಊಟದ ಗಂಟೆ ಹೊಡೆದ ಮೇಲೆ ಮುಂದಿನ ಬೆಂಚಿನ ಒಬ್ಬಳು ಬಂದು ನನ್ನ ಪಕ್ಕ ನಿಂತಳು. "ಮಿಸ್, ನಾನ್ ಹೇಳ್ದೆ ಅಂತ ಹೇಳ್ಬೇಡಿ. ನಿಮ್ಮ ಫೋನ್ ಕೊಡಿ," ಅಂದಳು. ವಿಡಿಯೋಗಳ ಒಂದು ಆಪ್ ತೆರೆದು, ನಮ್ಮ ಶಾಲೆಯ ಹೆಸರನ್ನು ಅಕ್ಷರ ತಿರುಚಿ ಬರೆದುಕೊಂಡಿದ್ದ ಒಂದು ಪೇಜು ತೋರಿಸಿದಳು. ಅದರಲ್ಲಿ ಹುಡುಗಿಯ ಫೋಟೋ, ಶಾಲೆಯ ವಾರ್ಷಿಕೋತ್ಸವದ ಗುಂಪು ಫೋಟೋದಿಂದ ಕತ್ತರಿಸಿದ್ದು. ಹಿಂದೆ ಡೊಳ್ಳಿನಂಥ ಬೀಟು. ಒಬ್ಬ ಗಂಡಸಿನ ದನಿ "ಬರ್ತೀಯಾ?" ಎಂದು ಕೇಳುತ್ತದೆ. ಹುಡುಗಿಯ ದನಿ "ಬರಾಕಿಲ್ಲ ಸಾರ್" ಅನ್ನುತ್ತದೆ. ಮತ್ತೆ ಬರ್ತೀಯಾ, ಮತ್ತೆ ಬರಾಕಿಲ್ಲ. ಕೆಳಗೆ ನಗುವಿನ ಸಾಲು. ನಮ್ಮ ಮಕ್ಕಳು ಬರೆದದ್ದು, ತಮಿಳು ಮಾಧ್ಯಮದ ಮಕ್ಕಳು ಬರೆದದ್ದು, ಯಾರೆಂದೇ ಗೊತ್ತಿಲ್ಲದ ಗಂಡಸರು ಬರೆದದ್ದು.

ಅವಳ ದನಿ ಎಲ್ಲಿಯದು ಎಂದು ಕೇಳಿದೆ. ತಮಿಳು ಪೀರಿಯಡ್ಡಿನದು. ಇಲ್ಲಿ ಕನ್ನಡ ಮಾಧ್ಯಮದವರೂ ತಮಿಳನ್ನು ಒಂದು ಭಾಷೆಯಾಗಿ ಓದಲೇಬೇಕು. ತಮಿಳು ಮೇಷ್ಟ್ರು ಅವಳನ್ನು ನಿಲ್ಲಿಸಿ ಪಾಠ ಓದಿಸಿದ್ದರು. ನಾಲಿಗೆ ಮಡಚಿ ಹೇಳುವ, ಕನ್ನಡದಲ್ಲಿಲ್ಲದ ಆ ಒಂದು ಅಕ್ಷರ ಅವಳಿಗೆ ಹೊರಳಲಿಲ್ಲ. ಮತ್ತೆ ಹೇಳು, ಮತ್ತೆ ಹೇಳು ಅಂದರು. ಐದಾರು ಸಲ ತಡವರಿಸಿ ಕೊನೆಗೆ "ಬರಾಕಿಲ್ಲ ಸಾರ್" ಅಂದಿದ್ದಳು. ಓದೋಕೆ ಬರಲ್ಲ ಸಾರ್, ಅಷ್ಟೇ. ಮುಂದೆ ಒಂದು ಗಂಡಸಿನ ಪ್ರಶ್ನೆ ಅಂಟಿಸಿ ಅದನ್ನು ಇನ್ನೇನೋ ಮಾಡಿದ್ದರು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಇದನ್ನು ತಮಿಳು–ಕನ್ನಡದ ಜಗಳವೆಂದು ಯಾರಾದರೂ ಓದಿಕೊಂಡರೆ ನನಗೆ ಇನ್ನೂ ಸಿಟ್ಟು ಬರುತ್ತದೆ. ತಮಿಳು ಮಕ್ಕಳು ಅವಳ ತಮಿಳಿಗೆ ನಕ್ಕರು. ನಮ್ಮ ಕನ್ನಡ ಮಕ್ಕಳು, ಹೊಸೂರಿನ ಫ್ಯಾಕ್ಟರಿಗಳಿಗೆಂದು ಕರ್ನಾಟಕದಿಂದ ಬಂದವರ ಮಕ್ಕಳು, ಅವಳ ಕನ್ನಡಕ್ಕೆ ನಕ್ಕರು. "ಬರಾಕಿಲ್ಲ" ಅನ್ನುವುದು ಅವರಿಗೆ ಕಾಡಿನ ಭಾಷೆ. ನಗುವುದರಲ್ಲಿ ಎರಡೂ ಮಾಧ್ಯಮ ಒಂದಾಗಿದ್ದವು.

ಸಂಜೆ ಶಾಲೆ ಬಿಟ್ಟವಳೇ ಅವಲಪಲ್ಲಿಗೆ ಹೋದೆ. ಚಿಕ್ಕಮ್ಮ ಬಿಡಿಭಾಗ ಜೋಡಿಸುವ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವರು, ಆಗಷ್ಟೇ ಶಿಫ್ಟು ಮುಗಿಸಿ ಬಂದಿದ್ದರು. ಯೂನಿಫಾರಂ ಕೋಟು ಇನ್ನೂ ಮೈಮೇಲಿತ್ತು.

"ಒಳಗವ್ಳೆ ಕಣಮ್ಮ. ಮೂರ್ ದಿನದಿಂದ ಸರ್ಯಾಗ್ ಬಾಯ್ ಬುಟ್ಟಿಲ್ಲ. ಬಸ್ ಸ್ಟಾಪಲ್ಲಿ ಗಾಡೀಲಿ ಬಂದೋರು ಬತ್ತೀಯಾ ಬತ್ತೀಯಾ ಅಂತ ಕೂಗ್ಕೊಂಡ್ ಹೋದ್ರಂತೆ. ಗುರ್ತಿಲ್ದೋರು! ಇವ್ಳ ಮೊಕ ಅವ್ರಿಗೆಂಗ್ ಗೊತ್ತು ಅಂತ ನಾನ್ ಕೇಳ್ದೆ. ಅದ್ಕೇ ಅಳಾಕ್ ಸುರು ಮಾಡ್ಬುಟ್ಲು."

ಹುಡುಗಿ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ನಾನು ಪಕ್ಕದಲ್ಲಿ ಕೂತೆ. ಏನು ಕೇಳಿದರೂ ತಿರುಗಲಿಲ್ಲ. "ನಾಳೆನೇ ಎಲ್ಲಾ ಸರಿ ಮಾಡ್ತೀನಿ," ಅಂದೆ. ಎಂಥ ದಡ್ಡ ಮಾತು ಅದು ಎಂದು ಮರುದಿನವೇ ತಿಳಿಯಿತು.

ಮರುದಿನ ಬೆಳಿಗ್ಗೆ ಮುಖ್ಯೋಪಾಧ್ಯಾಯಿನಿಯವರ ಬಳಿ ಹೋದೆ. ಶಾಲೆಯಲ್ಲಿ ಎಲ್ಲರೂ ಅವರನ್ನು ಎಚ್.ಎಂ. ಅನ್ನುತ್ತೇವೆ. ಅವರು ಚುರುಕಾಗಿಯೇ ಕೆಲಸ ಮಾಡಿದರು, ಅದನ್ನು ಒಪ್ಪಿಕೊಳ್ಳಬೇಕು. ಎರಡು ಪೀರಿಯಡ್ಡಿನೊಳಗೆ ಪೇಜು ಯಾರದೆಂದು ಪತ್ತೆಯಾಯಿತು. ನನ್ನದೇ ತರಗತಿಯ ಲೀಡರ್ ಹುಡುಗ. ಅವನ ಅಪ್ಪ ಅಮ್ಮ ಇಬ್ಬರೂ ಹೊಸೂರಿನಲ್ಲಿ ಕೆಲಸಕ್ಕೆ ಹೋಗುವವರು. ಅಣ್ಣನ ಫೋನಿನಲ್ಲಿ ಪೇಜು ನಡೆಸುತ್ತಿದ್ದ. ಅಣ್ಣನನ್ನು ಕರೆಸಿ, ನಮ್ಮೆಲ್ಲರ ಮುಂದೆ ಪೇಜನ್ನು ಅಳಿಸಿದರು. ಎಚ್.ಎಂ. ಕೈ ಒರೆಸಿಕೊಂಡರು. "ಮುಗೀತಲ್ಲ ಟೀಚರ್. ಇನ್ನು ಇದರ ಮಾತು ಬೇಡ," ಅಂದರು.

ಮುಗಿದಿರಲಿಲ್ಲ. ಸಂಜೆಯ ಹೊತ್ತಿಗೆ ಅದೇ ವಿಡಿಯೋ ಬೇರೆ ಮೂರು ಪೇಜುಗಳಲ್ಲಿತ್ತು. ಒಂದು ಪೇಜು ನಮ್ಮ ಶಾಲೆಯದ್ದೇ ಅಲ್ಲ. ನಾನು ಆಪ್‌ನಲ್ಲಿದ್ದ ದೂರು ಕೊಡುವ ಗುಂಡಿಯನ್ನು ಒತ್ತಿದೆ. ಎರಡು ದಿನ ಬಿಟ್ಟು ಉತ್ತರ ಬಂತು: ಈ ವಿಡಿಯೋ ನಮ್ಮ ನಿಯಮಗಳನ್ನು ಮೀರಿಲ್ಲ. ಒಂದು ಹೆಣ್ಣುಮಗುವಿನ ಮುಖಕ್ಕೆ ಗುರುತಿಲ್ಲದ ಗಂಡಸರು ಬರ್ತೀಯಾ ಎಂದು ಕೇಳುವುದು ಯಾವ ನಿಯಮವನ್ನೂ ಮೀರಿಲ್ಲವಂತೆ.

ಜಿಲ್ಲಾ ಕೇಂದ್ರ ಕೃಷ್ಣಗಿರಿಯಲ್ಲಿ ಮಕ್ಕಳ ರಕ್ಷಣೆಯ ಕಚೇರಿ ಇದೆ ಎಂದು ಗೊತ್ತಿತ್ತು. ಫೋನ್ ಮಾಡಿದೆ. ಎತ್ತಿದ ಮಹಿಳಾ ಅಧಿಕಾರಿ ತಮಿಳಿನಲ್ಲಿ, ನಿಧಾನವಾಗಿ ಒಂದೊಂದೇ ಕೇಳಿದರು. ಪೇಜಿನ ವಿಳಾಸ ಬರೆದುಕೊಂಡಿದ್ದೀರಾ? ಇಲ್ಲ. ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿರಾ? ಇಲ್ಲ. ದಿನಾಂಕ, ಸಮಯ ಕಾಣುವ ಹಾಗೆ? ಇಲ್ಲ. ಕೆಳಗೆ ಬರೆದವರ ಹೆಸರುಗಳು? ಇಲ್ಲ. ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ನೀವೇ ಸಾಕ್ಷಿಯನ್ನ ಅಳಿಸಿಬಿಟ್ಟಿದ್ದೀರಿ ಟೀಚರ್," ಅಂದರು ಅಷ್ಟೇ.

ಆಮೇಲೆ ಹೇಳಿಕೊಟ್ಟರು. ಮೊದಲು ಚಿತ್ರ ತೆಗೆಯಬೇಕು, ಪೇಜಿನ ಹೆಸರು, ವಿಳಾಸ, ಗಂಟೆ ಎಲ್ಲ ಕಾಣಬೇಕು. ನೋಡಿದವರು ಯಾರು, ಯಾವಾಗ, ಯಾರ ಫೋನಿನಲ್ಲಿ ಎಂದು ಬೇರೆ ಕಾಗದದಲ್ಲಿ ಬರೆದಿಡಬೇಕು. ವಿಡಿಯೋವನ್ನು ಸಾಕ್ಷಿಗೆಂದು ಕೂಡ ಯಾರಿಗೂ ಕಳಿಸಬಾರದು, ಕಳಿಸಿದರೆ ನಾವೂ ಹಂಚಿದ ಹಾಗೆ. ಇದೆಲ್ಲ ಆದ ಮೇಲೆ ಅಳಿಸುವ ಮಾತು. ಮಗುವಿನ ಹೇಳಿಕೆ ಬೇಕು, ಮಗು ಹೇಳಿದ ಹಾಗೇ, ಮಗುವಿನ ಭಾಷೆಯಲ್ಲೇ. ನಾನು ಒಂದು ಹೊಸ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅವತ್ತೇ ಆ ಮೂರೂ ಪೇಜುಗಳ ಸ್ಕ್ರೀನ್‌ಶಾಟ್ ತೆಗೆದೆ, ಒಂದೊಂದರ ಕೆಳಗೆ ಗಂಟೆ ಬರೆದೆ.

ಅಷ್ಟರಲ್ಲಿ ಹುಡುಗಿ ಊರಿಗೆ ಹೋಗಿಬಿಟ್ಟಿದ್ದಳು. "ಅವ್ರಪ್ಪ ಬಂದು ಕರ್ಕೊಂಡ್ ಹೋಗ್ಬುಟ್ಟ," ಎಂದು ಚಿಕ್ಕಮ್ಮ ಫೋನಿನಲ್ಲಿ ಹೇಳಿದರು. "ಇನ್ ಓದು ಸಾಕು ಅಂದ."

ಸಿಟ್ಟೆಲ್ಲ ಆ ಲೀಡರ್ ಹುಡುಗನ ಮೇಲೆ ತಿರುಗಿತು. ಅವನನ್ನು ಲ್ಯಾಬಿನ ಪಕ್ಕದ ಖಾಲಿ ಕೋಣೆಯಲ್ಲಿ ಕೂರಿಸಿಕೊಂಡೆ. ಬಾಗಿಲು ತೆರೆದೇ ಇತ್ತು. ಶಾಲೆಗೆ ಫೋನ್ ತರುವುದೇ ತಪ್ಪು, ತಂದು ಕ್ಲಾಸಿನಲ್ಲಿ ರೆಕಾರ್ಡ್ ಮಾಡಿದೆಯಲ್ಲ ಎಂದು ಶುರು ಮಾಡಿದೆ.

"ನಾನ್ ರೆಕಾರ್ಡ್ ಮಾಡಿಲ್ಲ ಮಿಸ್."

"ಸುಳ್ಳು ಹೇಳ್ಬೇಡ ಕಣೋ."

"ಸತ್ಯವಾಗ್ಲೂ ಇಲ್ಲ ಮಿಸ್. ಅವ್ರ ಪೀರಿಯಡ್ ಹಾಜರಿ ಆಪ್‌ನಲ್ಲಿ ಟಿಕ್ ಮಾಡಕ್ಕೆ ತಮಿಳು ಸಾರ್ ದಿನಾ ನನ್ಗೆ ಅವ್ರ ಫೋನ್ ಕೊಡ್ತಾರೆ. ಅದ್ರಲ್ಲಿತ್ತು. ನಾನು ಅಣ್ಣನ ನಂಬರ್‌ಗೆ ಹಾಕ್ಕೊಂಡೆ."

"ಸಾರ್ ಫೋನ್‌ನಲ್ಲಿ ಯಾಕಿತ್ತು?"

ಅವನು ನನ್ನ ಮುಖ ನೋಡಿದ. ಹೇಳಲೋ ಬೇಡವೋ ಎಂದು ಅಳೆದ. "ಸಾರೇ ರೆಕಾರ್ಡ್ ಮಾಡಿದ್ದು ಮಿಸ್. ಟೀಚರ್ಸ್ ಗ್ರೂಪ್‌ಗೆ ಹಾಕಿದ್ರು. ಎಲ್ಲಾ ಮಿಸ್ಸೂ ನಕ್ಕಿದ್ರಲ್ಲ. ನೀವೂ ನಕ್ಕಿದ್ರಿ."

ಅವನು ಉದ್ಧಟತನದಿಂದ ಹೇಳಲಿಲ್ಲ. ನನಗೆ ಗೊತ್ತಿರುವುದನ್ನೇ ನೆನಪಿಸುವ ಹಾಗೆ ಹೇಳಿದ. ಅದೇ ಹೆಚ್ಚು ಚುಚ್ಚಿತು.

ಅವನನ್ನು ಕಳಿಸಿ ಫೋನು ತೆಗೆದೆ. ನಮ್ಮ ಸ್ಟಾಫ್ ಗ್ರೂಪಿನಲ್ಲಿ ದಿನಕ್ಕೆ ನೂರು ಸಂದೇಶ ಬೀಳುತ್ತವೆ. ಸುತ್ತೋಲೆ, ಶುಭೋದಯದ ಹೂವು, ಯಾರದೋ ಮಗಳ ನಾಮಕರಣ. ಬೆರಳಲ್ಲಿ ತಳ್ಳುತ್ತ ಹಿಂದಕ್ಕೆ ಹೋದೆ. ಎರಡು ವಾರ ಹಿಂದೆ ಸಿಕ್ಕಿತು. ತಮಿಳು ಮೇಷ್ಟ್ರು ಹಾಕಿದ ಆಡಿಯೋ. ಅದರ ಮೇಲೆ ಒಂದು ಸಾಲು: "ಕಾಡಿನಿಂದ ಬಂದ ನಮ್ಮ ಒಂಬತ್ತನೇ ಕ್ಲಾಸಿನ ವಿದ್ವಾಂಸೆ." ಕೆಳಗೆ ಹನ್ನೊಂದು ನಗುಮುಖಗಳು. ಒತ್ತಿ ನೋಡಿದರೆ ಯಾರು ಯಾರೆಂದು ಕಾಣುತ್ತದೆ. ಏಳನೆಯದು ನನ್ನದು.

ನಾನು ಆ ಆಡಿಯೋವನ್ನು ಅವತ್ತು ಕೇಳಿರಲೇ ಇಲ್ಲ. ಪಾತ್ರೆ ತೊಳೆಯುತ್ತಲೋ ಬಸ್ಸು ಹತ್ತುತ್ತಲೋ ಮೇಲಿನ ಸಾಲು ಓದಿ, ಎಲ್ಲರೂ ನಕ್ಕಿದ್ದಾರೆ ಎಂದು ನಾನೂ ಒತ್ತಿದ್ದೆ. ಯಾವ ಹುಡುಗಿ ಎಂದು ಯೋಚಿಸಲಿಲ್ಲ. ನನ್ನ ತರಗತಿಯ ಹುಡುಗಿ!

ಆಗ ಮೊದಲ ಸಲ ಪೂರ್ತಿ ಕೇಳಿದೆ. ಮೇಜಿನ ಮೇಲೆ ಸೀಮೆಸುಣ್ಣ ಕುಟ್ಟುವ ಸದ್ದು ತೀರ ಹತ್ತಿರದಲ್ಲಿದೆ, ಫೋನು ಮೇಜಿನ ಮೇಲೇ ಇತ್ತು. ಹುಡುಗಿಯ ದನಿ ದೂರದಲ್ಲಿದೆ. ಮೇಷ್ಟ್ರು ಮತ್ತೆ, ಮತ್ತೆ ಅನ್ನುತ್ತಾರೆ. ಪ್ರತಿ ಸಲಕ್ಕೂ ತರಗತಿಯ ನಗು ಬೆಳೆಯುತ್ತದೆ. ಕೊನೆಗೆ ಅವಳು ಬರಾಕಿಲ್ಲ ಸಾರ್ ಅಂದ ಮೇಲೂ ಅವರು ಇನ್ನೊಂದು ಸಲ ಮತ್ತೆ ಅನ್ನುತ್ತಾರೆ. ಅಲ್ಲಿಗೆ ಆಡಿಯೋ ನಿಲ್ಲುತ್ತದೆ. ಈ ಸಲ ಕಲಿತ ಪಾಠ ಮರೆಯಲಿಲ್ಲ. ಗ್ರೂಪಿನ ಹೆಸರು, ದಿನ, ಗಂಟೆ, ಹನ್ನೊಂದು ಹೆಸರುಗಳು ಎಲ್ಲ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದೆ. ಅದಾಗಿ ಒಂದು ಗಂಟೆಯಲ್ಲೇ ಆ ಸಂದೇಶ ಗ್ರೂಪಿನಿಂದ ಮಾಯವಾಯಿತು. ಹುಡುಗ ಬಾಯಿಬಿಟ್ಟ ಸುದ್ದಿ ಹೇಗೋ ಹಬ್ಬಿತ್ತು.

ಸಂಜೆ ತಮಿಳು ಮೇಷ್ಟ್ರು ಸೈಕಲ್ ಸ್ಟ್ಯಾಂಡಿನ ಹತ್ತಿರ ಕಾಯುತ್ತಿದ್ದರು. ಮಕ್ಕಳ ಮೇಲೆ ಕೈಯೆತ್ತಿದವರಲ್ಲ. ಪಾಠ ಚೆನ್ನಾಗಿ ಮಾಡುತ್ತಾರೆ ಎಂದು ಹೆಸರಿದೆ. ಕನ್ನಡವನ್ನೂ ಸಲೀಸಾಗಿ ಮಾತಾಡುತ್ತಾರೆ.

"ತಮಾಷೆಗೆ ಹಾಕಿದ್ದು ಟೀಚರ್. ಹುಡುಗ ಕಳ್ಳತನ ಮಾಡ್ತಾನೆ ಅಂತ ನನಗೇನು ಗೊತ್ತು?"

"ಆ ಹುಡುಗಿ ಬರಾಕಿಲ್ಲ ಅಂದ್ಮೇಲೂ ಇನ್ನೊಂದು ಸಲ ಯಾಕ್ ಕೇಳಿದ್ರಿ ಸಾರ್?"

ಅವರು ತಮ್ಮ ಗಾಡಿಯ ಸೀಟು ಒರೆಸಿದರು. "ಆ ಲಿಸ್ಟಲ್ಲಿ ನಿಮ್ಮ ಹೆಸರೂ ಇದೆ, ಜ್ಞಾಪಕ ಇರಲಿ," ಅಂದರು. ದನಿ ಏರಿಸದೆ, ಒಳ್ಳೆಯದಕ್ಕೆ ಹೇಳುವವರ ಹಾಗೆ.

ಮರುದಿನ ಎಚ್.ಎಂ. ಕೋಣೆಯಲ್ಲಿ ಟೈಪ್ ಆದ ಒಂದು ಕಾಗದ ಸಿದ್ಧವಿತ್ತು. ನಿಷೇಧವಿದ್ದರೂ ಶಾಲೆಗೆ ಫೋನ್ ತಂದ ವಿದ್ಯಾರ್ಥಿಯೊಬ್ಬ ತರಗತಿಯಲ್ಲಿ ಧ್ವನಿಮುದ್ರಣ ಮಾಡಿ ದುರುಪಯೋಗಪಡಿಸಿಕೊಂಡಿದ್ದಾನೆ, ಅವನಿಗೆ ಟಿ.ಸಿ. ಕೊಡಲಾಗುವುದು ಎಂದು ತಮಿಳಿನಲ್ಲಿ ಇತ್ತು. ಕೆಳಗೆ ಕ್ಲಾಸ್ ಟೀಚರ್ ಸಹಿಗೆ ಜಾಗ.

"ಇದು ನಿಜ ಅಲ್ಲ ಮೇಡಂ," ಅಂದೆ.

"ನಿಜ ಬರೆದರೆ ತಮಿಳು ಸಾರ್ ಅಲ್ಲದೆ ಇನ್ನೆಷ್ಟು ಜನ ಮೆಮೊ ತಗೋಬೇಕು ಗೊತ್ತಾ? ಹನ್ನೊಂದು ಜನ. ಪರೀಕ್ಷೆ ಹತ್ತಿರ ಇದೆ. ಪೇಪರಿನವರು ಬಂದರೆ ಇಡೀ ಶಾಲೆ ಹೆಸರು ಹೋಗುತ್ತೆ. ಆ ಹುಡುಗ ತಪ್ಪು ಮಾಡಿಲ್ಲವಾ?"

"ಮಾಡಿದ್ದಾನೆ. ಮೊದಲು ಮಾಡಿದವನು ಅವನಲ್ಲ."

"ಸೈನ್ ಹಾಕಿ ಟೀಚರ್. ನಿಮ್ಮನ್ನ ಕಾಪಾಡೋಕೇ ಹೇಳ್ತಿರೋದು."

ನಿಜ ಹೇಳಬೇಕೆಂದರೆ ಪೆನ್ನು ಕೈಗೆ ತಗೊಂಡಿದ್ದೆ. ಹದಿನಾಲ್ಕು ವರ್ಷದ ಒಬ್ಬ ಹುಡುಗನ ಮೇಲೆ ಎಲ್ಲವನ್ನೂ ಹೊರಿಸಿ ಹೊರಗೆ ಕಳಿಸುವುದು ಎಷ್ಟು ಸುಲಭ ಎಂದು ಆ ಕ್ಷಣ ಕಂಡಿತು. ಯಾರಿಗೂ ನೋವಿಲ್ಲ. ಅವನು ಹೋಗುತ್ತಾನೆ, ಅವಳು ಆಗಲೇ ಹೋಗಿದ್ದಾಳೆ, ನಾವೆಲ್ಲ ಇಲ್ಲೇ ಇರುತ್ತೇವೆ. ಆ ಯೋಚನೆ ಬಂದದ್ದೇ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ಪೆನ್ನಿನ ಮುಚ್ಚಳ ಹಾಕಿ ಕಾಗದವನ್ನು ಅವರ ಕಡೆಗೆ ಸರಿಸಿದೆ. "ನನ್ನ ವರದಿ ನಾನು ಬರೆಯುತ್ತೇನೆ. ಒಂದು ಪ್ರತಿ ನಿಮಗೆ ಕೊಡುತ್ತೇನೆ, ಒಂದು ಕೃಷ್ಣಗಿರಿಗೆ," ಅಂದೆ. ಎಚ್.ಎಂ. ಮತ್ತೆ ಟೀಚರ್ ಎಂದು ಕರೆಯಲಿಲ್ಲ. "ನಿಮ್ಮಿಷ್ಟ," ಅಂದರು.

ಮುಂದಿನ ಶನಿವಾರ ನಾಟ್ರಾಂಪಾಳ್ಯಕ್ಕೆ ಹೊರಟೆ. ಹೊಸೂರಿನಿಂದ ದೇಂಕಣಿಕೋಟೆ, ಅಲ್ಲಿಂದ ಅಂಚೆಟ್ಟಿ, ಅಲ್ಲಿಂದ ಇನ್ನೊಂದು ಬಸ್ಸು. ಬಸ್ಸಿನಲ್ಲಿ ಕೂತು ಹೇಗೆ ಹೇಳುವುದು ಎಂದು ಏಳೆಂಟು ಸಲ ಮನಸ್ಸಿನಲ್ಲಿ ಕಟ್ಟಿಕೊಂಡೆ. ಪ್ರತಿ ಸಲವೂ ಅದು ನನ್ನನ್ನು ಕಾಪಾಡಿಕೊಳ್ಳುವ ಮಾತಿನ ಹಾಗೆಯೇ ಇತ್ತು.

ಅವಳ ಅಪ್ಪ ಹೊಲಕ್ಕೆ ಹೋಗಿದ್ದರು. ಅಮ್ಮ ಜಗಲಿಯಲ್ಲಿ ಚಾಪೆ ಹಾಸಿ ನೀರು ಕೊಟ್ಟರು. "ಕಾಡಂಚಲ್ಲಿರೋರು ನಾವು. ಆನೆ ಬಂದ್ರೆ ಓಡ್ಸಾಕ್ ಗೊತ್ತದೆ ಕಣಮ್ಮ. ಇದ್ನ ಎಲ್ಲಿಂದ ಓಡ್ಸಾದು? ಎಲ್ಲದೆ ಅಂತ್ಲೇ ಕಾಣಾಕಿಲ್ಲ," ಅಂದರು.

ಹುಡುಗಿ ಬಂದು ಕಂಬಕ್ಕೆ ಒರಗಿ ಕೂತಳು. ಹೇಳಿಕೆ ಬರೆದುಕೊಳ್ಳಬೇಕು, ಬೇಡ ಅಂದರೆ ಬರೆಯುವುದಿಲ್ಲ, ನಡುವೆ ನಿಲ್ಲಿಸಬೇಕು ಅಂದರೆ ನಿಲ್ಲಿಸುತ್ತೇನೆ ಎಂದೆ. ಅಮ್ಮನ ಮುಖ ನೋಡಿ ತಲೆಯಾಡಿಸಿದಳು. ಮೊದಲು ಒಂದೊಂದೇ ಮಾತು. ಆಮೇಲೆ ನಿಲ್ಲಲಿಲ್ಲ. ಕ್ಲಾಸಿನಲ್ಲಿ, ಊಟದ ಸಾಲಿನಲ್ಲಿ, ನೀರಿನ ಟ್ಯಾಂಕಿನ ಹತ್ತಿರ ಯಾರು ಏನೇನು ಅಂದರು, ಯಾರು ಬೆನ್ನಿಗೆ ಚೀಟಿ ಅಂಟಿಸಿದರು, ಯಾವ ದಿನ ಬಸ್ಸಿನಿಂದ ಎರಡು ಸ್ಟಾಪು ಮೊದಲೇ ಇಳಿದು ನಡೆದಳು. ತಮಿಳು ಪೀರಿಯಡ್ಡಿನಲ್ಲಿ ಫೋನು ಮೇಜಿನ ಮೇಲೆ ಅವಳ ಕಡೆಗೆ ತಿರುಗಿತ್ತೆಂಬುದೂ ಅವಳಿಗೆ ಗೊತ್ತಿತ್ತು. "ಯಾರಿಗೆ ಹೇಳಾದು? ಸಾರ್‌ಗೇ ಹೇಳಾದಾ?" ಎಂದು ಕೇಳಿದಳು.

ಬರೆದದ್ದನ್ನು ಓದಿ ಹೇಳಿದೆ. ಒಂದು ಕಡೆ ತಡೆದಳು.

"ನಾ ಹಂಗಂದಿಲ್ಲ ಮಿಸ್."

"ಎಲ್ಲಿ?"

"ಓದಲು ಬರುವುದಿಲ್ಲ ಎಂದು ಹೇಳಿದೆ ಅಂತ ಬರ್ದಿದ್ದೀರ. ನಾನಂದಿದ್ದು ಬರಾಕಿಲ್ಲ ಅಂತ. ಅದು ತಪ್ಪಾ?"

"ತಪ್ಪಲ್ಲ."

"ಮತ್ಯಾಕ್ ಬದ್ಲಾಯಿಸಿದ್ರಿ?"

ಹೇಳಿದ ಹಾಗೇ ಬರೆಯಬೇಕು ಎಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಾನೇ ಬರೆದುಕೊಂಡಿದ್ದೆ. ಕೈ ತಾನಾಗಿ ತಿದ್ದಿತ್ತು. ಹೊಡೆದುಹಾಕಿ ಅವಳ ಮಾತನ್ನೇ ಬರೆದೆ. ಬೇರೆ ಎಲ್ಲೆಲ್ಲಿ ತಿದ್ದಿದ್ದೇನೆ ಎಂದು ನೋಡಿದರೆ ಒಂಬತ್ತು ಕಡೆ. ಒಂಬತ್ತನ್ನೂ ಮತ್ತೆ ಬರೆದೆ.

ಆಮೇಲೆ ಸ್ಟಾಫ್ ಗ್ರೂಪಿನ ವಿಷಯ ಹೇಳಿದೆ. ಬಸ್ಸಿನಲ್ಲಿ ಕಟ್ಟಿಕೊಂಡ ಮಾತು ಒಂದೂ ಬಾಯಿಗೆ ಬರಲಿಲ್ಲ. "ಹನ್ನೊಂದು ಜನ ನಕ್ಕಿದ್ದೀವಿ. ಅದರಲ್ಲಿ ನಾನೂ ಒಬ್ಬಳು," ಅಂದೆ. ಅವಳ ಅಮ್ಮ ಎದ್ದು ಒಳಗೆ ಹೋದರು. ಕ್ಷಮಿಸು ಎಂದೆ.

"ನಂಗ್ ಅದು ಬ್ಯಾಡ ಮಿಸ್," ಅಂದಳು. ಅಳುತ್ತಿರಲಿಲ್ಲ. ಕಣ್ಣು ಒಣಗಿ ಉರಿಯುತ್ತಿತ್ತು. "ನಾ ಇಸ್ಕೂಲಿಗ್ ಬತ್ತೀನಿ. ನಾ ಬರೋ ದಿನ ಕ್ಲಾಸಲ್ಲಿ ಎಲ್ರಿಗೂ ಗೊತ್ತಿರ್ಬೇಕು, ಫೋನಲ್ಲಿ ಮೊದ್ಲು ನಕ್ಕಿದ್ದು ಹುಡುಗ್ರಲ್ಲ ಅಂತ. ನೀವೇ ಹೇಳ್ಬೇಕು. ನನ್ ಮುಂದೆ ಹೇಳ್ಬೇಕು."

ಆಯಿತು ಅಂದೆ.

ಸೋಮವಾರ ರಜೆ ಹಾಕಿ ಕೃಷ್ಣಗಿರಿಗೆ ಹೋದೆ. ಹುಡುಗಿಯ ಕನ್ನಡ ಹೇಳಿಕೆ, ಅದರ ತಮಿಳು ಅನುವಾದ, ಅಮ್ಮನ ಹೆಬ್ಬೆಟ್ಟು, ಸ್ಕ್ರೀನ್‌ಶಾಟುಗಳು, ನನ್ನ ವರದಿ. ನನ್ನ ತಮಿಳಿನಲ್ಲೂ ಕಾಗುಣಿತದ ತಪ್ಪುಗಳಿದ್ದವು, ಅದನ್ನು ನೋಡಿ ಯಾರೂ ನಗಲಿಲ್ಲ. ನಾನು ದೊಡ್ಡವಳು, ಕೈಯಲ್ಲಿ ಫೈಲಿತ್ತು. ಅಧಿಕಾರಿ ಹಾಳೆ ತಿರುಗಿಸುತ್ತ ಗ್ರೂಪಿನ ಚಿತ್ರದ ಹತ್ತಿರ ನಿಂತರು. ಏಳನೆಯ ಹೆಸರಿನ ಸುತ್ತ ನಾನೇ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದೆ.

"ಇದು ನೀವೇ ಅಲ್ವಾ?"

"ನಾನೇ."

"ನಿಮಗೂ ಮೆಮೊ ಬರುತ್ತೆ."

"ಬರಲಿ."

ಅವರು ದೂರನ್ನು ದಾಖಲಿಸಿಕೊಂಡು, ಸೈಬರ್ ವಿಭಾಗಕ್ಕೆ ಪತ್ರ ಬರೆದು, ನನಗೆ ಸ್ವೀಕೃತಿ ಕೊಟ್ಟರು. ಅದನ್ನು ಎಚ್.ಎಂ. ಮೇಜಿನ ಮೇಲೆ ಇಟ್ಟ ದಿನದಿಂದ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿಯಾಯಿತು. ಅಲ್ಲಿ ಕೂರುತ್ತಿದ್ದದ್ದು ಸೈನ್ಸ್ ಟೀಚರ್. ಒಂದೇ ಡಬ್ಬಿಯಲ್ಲಿ ಉಪ್ಪಿನಕಾಯಿ ಹಂಚಿಕೊಂಡು ತಿಂದವರು ನಾವು. ಅವರದು ಮೂರನೆಯ ಹೆಸರು.

ವಿಚಾರಣೆಗೆ ಹೊರಗಿನಿಂದ ಇಬ್ಬರು ಬಂದರು. ಹನ್ನೊಂದು ಜನರನ್ನೂ ಒಬ್ಬೊಬ್ಬರಾಗಿ ಕರೆದರು. ಆಮೇಲೆ ವರದಿ ಓದಿದಾಗ ಗೊತ್ತಾಯಿತು, ಹನ್ನೊಂದು ಜನರ ಉತ್ತರವೂ ಒಂದೇ: ಆಡಿಯೋ ಕೇಳಲಿಲ್ಲ, ಸುಮ್ಮನೆ ಒತ್ತಿದೆ. ಯಾರೂ ಸುಳ್ಳು ಹೇಳಿರಲಿಲ್ಲ ಎಂದೇ ನನಗನ್ನಿಸುತ್ತದೆ. ನನ್ನ ಉತ್ತರವೂ ಅದೇ ಆಗಿತ್ತಲ್ಲ. ಸಿಟ್ಟು ಬರುವುದು ಅದಕ್ಕೇ. ನಗಲು ನಮಗೆ ಆ ಮಗುವಿನ ದನಿಯೂ ಬೇಕಾಗಿರಲಿಲ್ಲ. ಕಾಡಿನಿಂದ ಬಂದವಳು ಅನ್ನುವ ಒಂದು ಸಾಲು ಸಾಕಾಗಿತ್ತು. ಪಾಠ ಹೇಳುವ ಹನ್ನೊಂದು ಜನ.

ತಮಿಳು ಮೇಷ್ಟ್ರಿಗೆ ಬೇರೆ ಶಾಲೆಗೆ ವರ್ಗವಾಯಿತು. ಅಲ್ಲಿಯೂ ಮಕ್ಕಳಿದ್ದಾರೆ. ನಮಗೆಲ್ಲ ಲಿಖಿತ ಎಚ್ಚರಿಕೆ, ಸೇವಾ ಪುಸ್ತಕದಲ್ಲಿ ಒಂದು ಸಾಲು. ಲೀಡರ್ ಹುಡುಗನಿಗೆ ಟಿ.ಸಿ. ಕೊಡಲಿಲ್ಲ. ಅವನಿಗೆ ಆಪ್ತ ಸಮಾಲೋಚನೆ, ಜೊತೆಗೆ ನನ್ನ ಮುಂದೆ ಕೂತು ವಿಡಿಯೋ ಎಲ್ಲೆಲ್ಲಿದೆ ಎಂದು ಹುಡುಕಿ ಪಟ್ಟಿ ಮಾಡುವ ಕೆಲಸ. ಮೊದಲ ದಿನ ಮುಖ ಉಬ್ಬಿಸಿಕೊಂಡು ಮಾಡಿದ. ನಾಲ್ಕನೆಯ ದಿನ, ಗುರುತಿಲ್ಲದವರು ಕೆಳಗೆ ಬರೆದದ್ದನ್ನು ಓದುತ್ತ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ, "ಮಿಸ್, ಇದೆಲ್ಲಾ ಅವಳೂ ಓದಿರ್ತಾಳಾ?" ಎಂದು ಕೇಳಿದ. ಓದಿರುತ್ತಾಳೆ ಅಂದೆ. ಅಧಿಕಾರಿಯ ಪತ್ರ ಹೋದ ಮೇಲೆ ಬಹುಪಾಲು ವಿಡಿಯೋಗಳು ಇಳಿದವು. ಎರಡು ಇನ್ನೂ ಇವೆ. ತಿಂಗಳಿಗೊಮ್ಮೆ ಮತ್ತೆ ದೂರು ಕೊಡುತ್ತೇನೆ.

ಶಾಲೆಯಲ್ಲಿ ಈಗ ದೂರಿಗೆ ಒಂದು ಪುಸ್ತಕವಿದೆ, ಪುಟಕ್ಕೆ ನಂಬರ್ ಹಾಕಿದ್ದು. ಎರಡೂ ಮಾಧ್ಯಮದಿಂದ ಒಬ್ಬೊಬ್ಬ ಟೀಚರ್, ಮಕ್ಕಳ ತಾಯಂದಿರಲ್ಲಿ ಒಬ್ಬರು, ಈ ಮೂವರಲ್ಲಿ ಯಾರಿಗೆ ಬೇಕಾದರೂ ಮಗು ಹೇಳಬಹುದು. ದೂರು ಟೀಚರ ಮೇಲಿದ್ದರೆ ಅದು ನೇರವಾಗಿ ಕೃಷ್ಣಗಿರಿಗೆ ಹೋಗುತ್ತದೆ. ಹಾಜರಿ ಆಪ್ ಮುಟ್ಟಲು ಮಕ್ಕಳಿಗೆ ಫೋನ್ ಕೊಡುವಂತಿಲ್ಲ. ಇಷ್ಟು ಸಣ್ಣ ವಿಷಯಗಳು. ಮೊದಲೇ ಇರಬೇಕಾಗಿದ್ದವು.

ಅಮ್ಮ ಅಪ್ಪನನ್ನು ಒಪ್ಪಿಸಿದ ಮೇಲೆ ಹುಡುಗಿ ಒಂದು ಗುರುವಾರ ಬಂದಳು. ಚಿಕ್ಕಮ್ಮ ಅರ್ಧ ದಿನ ರಜೆ ಹಾಕಿ ಗೇಟಿನವರೆಗೆ ಬಂದಿದ್ದರು. ಮೊದಲ ಪೀರಿಯಡ್ ನನ್ನದೇ. ಅವಳು ತನ್ನ ಜಾಗದಲ್ಲಿ ಕೂತ ಮೇಲೆ ನಾನು ಬೋರ್ಡಿನ ಮುಂದೆ ನಿಂತೆ. ಕೈಯಲ್ಲಿದ್ದ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟೆ.

ರೆಕಾರ್ಡ್ ಮಾಡಿದ್ದು ಟೀಚರ್, ಹಂಚಿದ್ದು ಟೀಚರ್ಸ್ ಗ್ರೂಪಿನಲ್ಲಿ, ಫೋನಿನಲ್ಲಿ ಮೊದಲು ನಕ್ಕಿದ್ದು ಹನ್ನೊಂದು ಜನ ಟೀಚರ್ಸ್ ಎಂದು ಹೇಳಿದೆ. ಹಿಂದಿನ ಬೆಂಚಿನಿಂದ ಒಬ್ಬ, "ನೀವೂನಾ ಮಿಸ್?" ಎಂದು ಕೇಳಿದ.

"ನಾನೂ. ಅದು ತಪ್ಪು. ನೀವು ಮಾಡಿದ್ದೂ ತಪ್ಪು. ಆದರೆ ನಿಮಗೆ ಅದನ್ನ ಕಲಿಸಿದ್ದು ನಾವು."

ಯಾರೂ ನಗಲಿಲ್ಲ. ಹುಡುಗಿ ನನ್ನನ್ನು ನೋಡುತ್ತಿರಲಿಲ್ಲ. ಒಬ್ಬೊಬ್ಬರಾಗಿ ತರಗತಿಯವರ ಮುಖ ನೋಡುತ್ತಿದ್ದಳು. ಆಮೇಲೆ ಪುಸ್ತಕ ತೆರೆದಳು. ನಾನು ಪಾಠ ಶುರು ಮಾಡಿದೆ.

ಎರಡನೆಯ ಪೀರಿಯಡ್ ಸೈನ್ಸ್ ಟೀಚರದು. ನಾನು ಪಕ್ಕದ ತರಗತಿಯಲ್ಲಿದ್ದೆ. ಗಂಟೆ ಹೊಡೆದು ಹತ್ತು ನಿಮಿಷವೂ ಆಗಿರಲಿಲ್ಲ, ಅವರು ವರಾಂಡಕ್ಕೆ ಬಂದು ನನ್ನನ್ನು ಹೊರಗೆ ಕರೆದರು. ವಾರಗಳ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು ಅದು. ಮುಖ ಕೆಂಪಾಗಿತ್ತು.

"ನಿಮ್ಮ ಹುಡುಗಿ ಏನ್ ಕೇಳಿದ್ಲು ಗೊತ್ತಾ? ಎದ್ದು ನಿಂತ್ಕೊಂಡು, ನಮ್ ಕ್ಲಾಸ್ ಮಿಸ್ ಹೇಳ್ಬುಟ್ರು, ನೀವ್ ಯಾವಾಗ ಹೇಳ್ತೀರಾ ಅಂತ! ಎಲ್ಲರ ಮುಂದೆ!"

"ನೀವೇನು ಹೇಳಿದ್ರಿ?"

"ಕೂತ್ಕೋ ಅಂದೆ."

ಅವರ ಭುಜದ ಆಚೆ, ಕಿಟಕಿಯ ಸರಳುಗಳ ನಡುವೆ ತರಗತಿ ಕಾಣುತ್ತಿತ್ತು. ಮಕ್ಕಳೆಲ್ಲ ಕೂತಿದ್ದರು. ಹುಡುಗಿ ಇನ್ನೂ ನಿಂತೇ ಇದ್ದಳು.